ಸಹಾಯ ಬೇಕು: ಪೇಟೆಯ ಹಳೇ ಅಂಗಡಿ ಗೋಡೆಗೆ ಸುಣ್ಣದ ಗಾರೆ

ಎಲ್ಲರಿಗೂ ನಮಸ್ಕಾರ. ಕುಂದಾಪುರ ಪೇಟೆಯಲ್ಲಿ ನಮ್ಮ ಅಜ್ಜನ ಕಾಲದ ಅಂಗಡಿ ಇದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮಂಗಳೂರು ಹೆಂಚು, ಮುಂದೆ ಜಗಲಿ. ಬಾಗಿಲು ಒಂದೊಂದೇ ಹಲಗೆ ಜೋಡಿಸಿ ಹಾಕುವಂಥದ್ದು, ಹಲಗೆಗಳ ಮೇಲೆ ಅಜ್ಜ ಬರೆದ ನಂಬರ್ ಈಗಲೂ ಇದೆ. ಅಕ್ಕಪಕ್ಕದ ಇಂಥ ಅಂಗಡಿಗಳೆಲ್ಲ ಹೋಗಿ ಶಟರ್ ಬಂದಿದೆ. ಇದನ್ನಾದರೂ ಉಳಿಸಬೇಕು ಅಂತ ತುಂಬಾ ಆಸೆ.

ಹಿಂದೆ ಬಾಡಿಗೆಗಿದ್ದವರು ಗೋಡೆಗೆ ಸಿಮೆಂಟ್ ಬಳಿಸಿ ಪೇಂಟ್ ಹೊಡೆಸಿದ್ದರು. ಮುರಕಲ್ಲು ನೀರು ಹೀರುತ್ತದೆ, ಸಿಮೆಂಟ್ ಅದನ್ನು ಹೊರಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಪೇಂಟ್ ಉಬ್ಬಿ ಉದುರುತ್ತದೆ, ಬಿಳಿ ಉಪ್ಪು ಕಾಣುತ್ತದೆ. ವಾಟರ್‌ಪ್ರೂಫ್ ಪೇಂಟ್ ಹಾಕಿಸಿ ನೋಡಿದೆವು, ಒದ್ದೆ ಇನ್ನೂ ಮೇಲಕ್ಕೆ ಹತ್ತಿತು. ಹೆಂಚು ಬದಲಾಯಿಸಿದ್ದೂ ಆಯಿತು, ಸೋರಿಕೆ ಇಲ್ಲ. ಈಗ ಒಂದು ಕಡೆ ಸಿಮೆಂಟ್ ಕೆತ್ತಿಸಿದ್ದೇವೆ, ಒಳಗೆ ಕಲ್ಲು ಗಟ್ಟಿಯಾಗಿದೆ.

ಸಿಮೆಂಟ್ ಬದಲು ಸುಣ್ಣದ ಗಾರೆ ಮಾಡಿಸೋಣ ಅಂತಿದ್ದೇವೆ, ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಒಬ್ಬ ಮೇಸ್ತ್ರಿ, ಸುಣ್ಣದ ಜೊತೆ ಸ್ವಲ್ಪ ಸಿಮೆಂಟ್ ಸೇರಿಸದಿದ್ದರೆ ನಮ್ಮ ಮಳೆಗೆ ನಿಲ್ಲಲ್ಲ ಅಂತಾರೆ. ವಯಸ್ಸಾದ ಇನ್ನೊಬ್ಬರು, ಸಿಮೆಂಟ್ ಬೇಡವೇ ಬೇಡ, ಚಿಪ್ಪಿನ ಸುಣ್ಣ ನೆನೆಸಿಟ್ಟು ಬೆಲ್ಲದ ನೀರು ಹಾಕಿ ಅರೆಯಿರಿ ಅಂತಾರೆ. ಅವರಿಗೆ ಈಗ ಕೆಲಸ ಮಾಡಲು ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವುದು ಚೀಲದ ಸುಣ್ಣದ ಪುಡಿ ಮಾತ್ರ.

ಕರಾವಳಿಯಲ್ಲಿ ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ ಮಾಡಿಸಿದವರು ದಯವಿಟ್ಟು ಹೇಳಿ: ಸಿಮೆಂಟ್ ಸೇರಿಸಿದಿರಾ, ಇಲ್ವಾ? ಸುಣ್ಣ ಮತ್ತು ಮರಳು ಯಾವ ಅಳತೆಯಲ್ಲಿ ಹಾಕಿದಿರಿ? ಚೀಲದ ಪುಡಿಯಲ್ಲೇ ಮಾಡಬಹುದಾ?