ಎಂ.ಎ. ಓದುತ್ತಿರುವಾಗ ಗುರಿಯೇ ಬದಲಾಗಿದೆ: ನಲಿ-ಕಲಿ ತರಗತಿಯಲ್ಲಿಯೇ ಉಳಿಯಲೇ?

ಪ್ರಶ್ನೆ: ಸದಾಶಿವಗಡದ ಶಿಕ್ಷಕಿ

ಮಾನ್ಯರೇ, ನಾನು ಕಾರವಾರ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ನಡೆಸುತ್ತಿದ್ದೇನೆ. ಕಾಳಿ ನದಿಯ ಹಳೆಯ ಸೇತುವೆ ಕುಸಿದ 2024ರಲ್ಲಿಯೇ ದೂರಶಿಕ್ಷಣದ ಕನ್ನಡ ಎಂ.ಎ.ಗೆ ಹೆಸರು ಹಚ್ಚಿದೆ. ಬಿ.ಇಡಿ. ಮೊದಲೇ ಆಗಿದ್ದರಿಂದ, ಎಂ.ಎ. ಮುಗಿಸಿ ಪಿ.ಯು. ಉಪನ್ಯಾಸಕಿಯಾಗಬೇಕು, ಬಿಸಿಯೂಟದ ಲೆಕ್ಕದಿಂದ ಬಿಡುಗಡೆ ಪಡೆಯಬೇಕು ಎಂಬುದಷ್ಟೇ ಆಗಿನ ಉದ್ದೇಶವಾಗಿತ್ತು.

ಭಾಷಾವಿಜ್ಞಾನದ ಪತ್ರಿಕೆಗೆ ಓದುವಾಗ ಈ ಲೆಕ್ಕ ತಪ್ಪಿತು. ನನ್ನ ತರಗತಿಯ ಬಹುಪಾಲು ಮಕ್ಕಳ ಮನೆಮಾತು ಕೊಂಕಣಿ. ‘ಮರ ಬಿದ್ದ’ ಎನ್ನುವ ಮಗುವನ್ನು ‘ಬಿದ್ದಿತು ಅನ್ನು’ ಎಂದು ನಾನು ವರ್ಷಗಟ್ಟಲೆ ತಿದ್ದುತ್ತ ಬಂದಿದ್ದೆ. ಕನ್ನಡದಲ್ಲಿ ಲಿಂಗವು ಪದದ ಅರ್ಥವನ್ನು ಅನುಸರಿಸಿದರೆ ಕೊಂಕಣಿಯಲ್ಲಿ ಮರ, ಕಲ್ಲು, ಮನೆಗಳಿಗೂ ಮೂರು ಲಿಂಗಗಳು ಹಂಚಿಹೋಗಿವೆ. ‘ರೂಕು’ (ಮರ) ಅಲ್ಲಿ ಪುಲ್ಲಿಂಗ. ಆರು ವರ್ಷದ ಮಗು ಎಷ್ಟು ಕ್ರಮಬದ್ಧವಾಗಿ ಯೋಚಿಸಿ ಹಾಗೆ ಹೇಳುತ್ತಿತ್ತು ಎಂಬುದು ಹೊಳೆದ ದಿನ ನನಗೆ ಓದು ಮುಂದುವರಿಸಲಾಗಲಿಲ್ಲ.

ಈಗ ಕಾಲೇಜಿಗೆ ಹೋಗುವ ಆಸೆ ಹಿಂದೆ ಸರಿದು, ಇದೇ ಮಕ್ಕಳ ಕನ್ನಡ ಮೂರು ವರ್ಷಗಳಲ್ಲಿ ಹೇಗೆ ಬೆಳೆಯುತ್ತದೆಂದು ದಾಖಲಿಸಬೇಕೆಂಬ ಆಸೆ ಮುಂದೆ ಬಂದಿದೆ. ‘ಅ ಆ ಇ ಈ ಕಲಿಸಲಿಕ್ಕೆ ಎಂ.ಎ. ಬೇಕಿತ್ತೇ?’ ಎಂದು ಮನೆಯವರು ಕೇಳುತ್ತಾರೆ. ಓದಿನ ನಡುವೆ ಯಾರಿಗಾದರೂ ಹೀಗೆ ಆಗಿದೆಯೇ? ಇದನ್ನು ನಂಬಬಹುದೇ?

ಉತ್ತರ: ಶಿರಸಿಯ ನಿವೃತ್ತ ಮಾಸ್ತರರು

ಅಕ್ಕೋರೇ, ನಿಮ್ಮ ಗುರಿಯ ವಿಷಯಕ್ಕೆ ಬರುವ ಮೊದಲು ಒಂದು ಎಚ್ಚರಿಕೆಯ ಮಾತು. ಮಕ್ಕಳ ಎಲ್ಲ ಭಿನ್ನ ಪ್ರಯೋಗಗಳನ್ನೂ ಕೊಂಕಣಿಯ ಖಾತೆಗೆ ಬರೆಯಬೇಡಿ. ನಮ್ಮ ಹವ್ಯಕರ ಮನೆಗಳಲ್ಲಿ ಹೆಂಗಸರ ಬಗ್ಗೆ ಹೇಳುವಾಗ ‘ಅಕ್ಕ ಬಂತು’ ಎಂಬ ಬಗೆಯಲ್ಲಿ ನಪುಂಸಕ ಲಿಂಗದ ಕ್ರಿಯಾಪದವನ್ನೇ ಬಳಸುತ್ತೇವೆ, ಅದೂ ಕನ್ನಡವೇ. ಪುಸ್ತಕದ ಕನ್ನಡವೊಂದನ್ನೇ ಅಳತೆಗೋಲಾಗಿ ಹಿಡಿದರೆ ಕೊಂಕಣಿಯ ಮಗುವಿನಷ್ಟೇ ನಮ್ಮ ಮಗುವೂ ‘ತಪ್ಪು’ ಮಾಡುತ್ತದೆ.

ಇನ್ನು ಗುರಿ. ನಾನು ಪ್ರೌಢಶಾಲೆಯಲ್ಲಿದ್ದುಕೊಂಡೇ ಎಂ.ಎ. ಮಾಡಿದವನು, ಆಗ ಹಳಗನ್ನಡದ ಮೇಲೆ ಪಿಎಚ್.ಡಿ. ಮಾಡುವ ಹುಮ್ಮಸ್ಸಿತ್ತು, ಪರೀಕ್ಷೆ ಮುಗಿದ ಮೇಲಿನ ಒಂದೇ ಮಳೆಗಾಲದಲ್ಲಿ ಅದು ಇಳಿದುಹೋಯಿತು. ನಿಮ್ಮದೂ ಹಾಗೆಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಫಲಿತಾಂಶ ಬಂದು ಆರು ತಿಂಗಳಾದ ಮೇಲೂ ಈ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಆಗ ಅದನ್ನು ಗುರಿಯೆಂದು ಕರೆಯಿರಿ.

ಉತ್ತರ: ಕುಮಟಾದ ಉಪನ್ಯಾಸಕ

ನೀವು ಹೋಗಬೇಕೆಂದಿದ್ದ ದಾರಿಯಲ್ಲಿ ನಾನು ಹೋಗಿ ತಲುಪಿದ್ದೇನೆ. ಆದ್ದರಿಂದ ನೇರವಾಗಿ ಹೇಳುತ್ತೇನೆ. ಪ್ರಾಥಮಿಕ ಶಾಲೆ ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸಂಬಳ ಹೆಚ್ಚಾಯಿತು, ಸಾಹಿತ್ಯವನ್ನು ಸಾಹಿತ್ಯವಾಗಿ ಪಾಠ ಮಾಡುವ ಸಂತೋಷವೂ ಸಿಕ್ಕಿತು. ಆದರೆ ದ್ವಿತೀಯ ಪಿ.ಯು. ಪರೀಕ್ಷೆಯ ನೆರಳಿನಲ್ಲಿ ಒಬ್ಬ ವಿದ್ಯಾರ್ಥಿ ಹೇಗೆ ಕಲಿಯುತ್ತಾನೆಂದು ನಿಂತು ನೋಡುವ ಅವಕಾಶ ಇಲ್ಲಿಲ್ಲ. ನಿಮಗೆ ದಕ್ಕಿದ ‘ಮರ ಬಿದ್ದ’ ಎಂಬ ವಾಕ್ಯ ನನ್ನ ತರಗತಿಯಲ್ಲಿ ಕೆಂಪು ಶಾಯಿಯಡಿ ಮುಗಿದುಹೋಗುತ್ತದೆ.

ಹಾಗೆಂದು ಬಾಗಿಲನ್ನು ಮುಚ್ಚಿಕೊಳ್ಳಬೇಡಿ. ಪಿ.ಯು. ಹುದ್ದೆಗೆ ಬಿ.ಇಡಿ. ಜೊತೆಗೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು (ಮೀಸಲು ವರ್ಗಗಳಿಗೆ ಸಡಿಲಿಕೆಯಿದೆ). ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬರೆಯುವುದಾದರೆ ಮೂರು ಗಂಟೆಗಳಲ್ಲಿ 300 ಅಂಕಗಳ 150 ಪ್ರಶ್ನೆಗಳು. ಓದು ಬಿಸಿಯಾಗಿರುವಾಗಲೇ ಅದನ್ನು ಬರೆದುಬಿಡುವುದು ಸುಲಭ. ಅರ್ಹತೆ ಕೈಯಲ್ಲಿದ್ದು ಶಾಲೆಯಲ್ಲಿ ಉಳಿದವರ ಮಾತಿಗೆ ನಮ್ಮ ವ್ಯವಸ್ಥೆಯಲ್ಲಿ ತೂಕ ಹೆಚ್ಚು. ಇದು ನ್ಯಾಯವಲ್ಲ, ಆದರೆ ಇರುವುದೇ ಹೀಗೆ.

ಉತ್ತರ: ಅಂಕೋಲೆಯ ಸಿ.ಆರ್.ಪಿ. (ಕ್ಲಸ್ಟರ್, ಅಂದರೆ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ)

ಸಹೋದರಿ, ಕ್ಲಸ್ಟರಿನ ಸಮಾಲೋಚನಾ ಸಭೆಗಳಲ್ಲಿ ನಾವು ಮಕ್ಕಳು ನಲಿ-ಕಲಿಯ ಎಷ್ಟನೆಯ ಮೈಲಿಗಲ್ಲಿನಲ್ಲಿ (ಕಲಿಕೆಯ ಹಂತದಲ್ಲಿ) ಇದ್ದಾರೆಂದು ಕೇಳುತ್ತೇವೆಯೇ ಹೊರತು ಯಾವ ಮಾತಿನಿಂದ ಅಲ್ಲಿಗೆ ಬಂದರೆಂದು ಕೇಳುವುದು ಅಪರೂಪ. ನಲಿ-ಕಲಿ ಬೇರುಬಿಟ್ಟದ್ದು 1990ರ ದಶಕದ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿ ರೂಪುಗೊಂಡ, ಈ ಹಂತಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಕಲಿಕಾ ಏಣಿ ಕಾಳಿ ದಂಡೆಯ ಕೊಂಕಣಿ ಮಗುವಿಗೆ ಯಾವ ಮೆಟ್ಟಿಲಿನಲ್ಲಿ ಎತ್ತರವಾಗುತ್ತದೆಂದು ಹೇಳಬಲ್ಲವರು ನಿಮ್ಮಂಥವರೇ. ನಿಮ್ಮ ಟಿಪ್ಪಣಿಗಳನ್ನು ಒಮ್ಮೆ ಕುಮಟಾದ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ತೋರಿಸಿ. ಹುದ್ದೆ ಬದಲಿಸದೆಯೂ ಮಾಡಬಹುದಾದ ಕೆಲಸ ಇದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಪರೀಕ್ಷೆಗಳನ್ನು ಬರೆಯುತ್ತೇನೆ, ಅಂಕಗಳನ್ನೂ ಕಾಪಾಡಿಕೊಳ್ಳುತ್ತೇನೆ. ಶಾಲೆ ಬಿಡುವ ಮಾತನ್ನು ಫಲಿತಾಂಶದ ನಂತರದ ಆರು ತಿಂಗಳವರೆಗೆ ಮುಂದೂಡಿದ್ದೇನೆ. ಶಿರಸಿಯ ಗುರುಗಳು ತೋರಿಸಿದ ತಪ್ಪನ್ನು ನಾನು ಆಗಲೇ ಮಾಡಿದ್ದೆ: ತಂಗಿಯ ಬಗ್ಗೆ ‘ಅದು ಬಂತು’ ಎಂದ ಒಬ್ಬ ಹುಡುಗನ ಮಾತನ್ನು ಕೊಂಕಣಿಯ ಪ್ರಭಾವವೆಂದು ಬರೆದುಕೊಂಡಿದ್ದೆ. ಇವತ್ತು ಪಟ್ಟಿ ತೆಗೆದು ನೋಡಿದರೆ ಅವನ ಮನೆಮಾತು ಕನ್ನಡ. ಗುರುಗಳೇ, ಹವ್ಯಕ ಮನೆಗಳಲ್ಲಿ ಚಿಕ್ಕ ಹುಡುಗಿಯರಿಗೂ ಹಿರಿಯ ಹೆಂಗಸರಿಗೂ ಒಂದೇ ರೂಪವೇ, ಅಥವಾ ಗೌರವಕ್ಕೆ ಬೇರೆ ರೂಪವಿದೆಯೇ? ತಿಳಿಸಿದರೆ ನನ್ನ ವಹಿಯಲ್ಲಿ ಇನ್ನೊಂದು ಅಂಕಣ ಎಳೆಯುತ್ತೇನೆ.