ಅಳಿವೆ ಹತ್ರ ನೀಲಿ ಬ್ಯಾಂಡೆಲ್ಲಾ ಮೈನಸ್ ಬರ್ತಿದೆ, ಅಟ್ಮಾಸ್ಫೆರಿಕ್ ಕರೆಕ್ಷನ್ (ಸ್ಯಾಟಲೈಟ್ ಇಮೇಜಿಂದ ವಾತಾವರಣದ ಬೆಳಕು ಕಳೆಯೋದು) ಗೊತ್ತಿರೋರು ಹೇಳಿ

ಬಯಲುಸೀಮೆ_ಪಿಕ್ಸೆಲ್, ತುಮಕೂರು
ಎಲ್ರಿಗೂ ನಮಸ್ಕಾರ. ಎಂಟೆಕ್ ಮಾಡ್ತಿದೀನಿ, ಇರೋದು ತುಮಕೂರಲ್ಲಿ, ಪ್ರಾಜೆಕ್ಟ್ ಮಾತ್ರ ಕಡಲದ್ದು 😀 ಇಟಲಿಯವರ ಪ್ರಿಸ್ಮಾ ಅನ್ನೋ ಹೈಪರ್‌ಸ್ಪೆಕ್ಟ್ರಲ್ (ಬೆಳಕನ್ನ ನೂರಾರು ಸಣ್ಣ ಬ್ಯಾಂಡಾಗಿ ಅಳೆಯೋ) ಸ್ಯಾಟಲೈಟ್ ಡೇಟಾ, 30 ಮೀಟರ್ ಪಿಕ್ಸೆಲ್, ಮಂಗಳೂರಲ್ಲಿ ನೇತ್ರಾವತಿ ಸಮುದ್ರ ಸೇರೋ ಜಾಗ. 865 ನ್ಯಾನೋಮೀಟರ್ (ಎನ್‌ಐಆರ್, ಅಂದ್ರೆ ಕೆಂಪಿನಾಚೆ ಕಣ್ಣಿಗೆ ಕಾಣದ ಬೆಳಕು) ಹತ್ರ ನೀರು ಪೂರ್ತಿ ಕಪ್ಪು ಅಂತ ಇಟ್ಕೊಂಡು ಏರೋಸಾಲ್ (ಗಾಳೀಲಿ ತೇಲೋ ಸಣ್ಣ ಕಣ) ಲೆಕ್ಕ ಹಾಕಿ ಕಳೀತಿದೀನಿ, ದೂರದ ಸಮುದ್ರದಲ್ಲಿ ಸ್ಪೆಕ್ಟ್ರಮ್ ಚೆನ್ನಾಗೇ ಇದೆ, ಅಳಿವೆ ಬಾಯಿಗೆ ಬರ್ತಿದ್ದಂಗೆ 443ರ ನೀಲಿ ಬ್ಯಾಂಡಲ್ಲಿ ರಿಫ್ಲೆಕ್ಟೆನ್ಸ್ (ಬಿದ್ದ ಬೆಳಕಲ್ಲಿ ವಾಪಸ್ ಬರೋ ಪಾಲು) ಮೈನಸ್. ಫ್ರೆಂಡ್ಸ್ ಎಲ್ಲಾ ಮೈನಸ್ ಇರೋದನ್ನ ಸೊನ್ನೆ ಮಾಡ್ಬಿಡು ಅಂತಾರೆ, ಮನಸ್ಸು ಒಪ್ತಿಲ್ಲ.

ಟೊಮ್ಯಾಟೊ_ಮಂಡಿ, ಕೋಲಾರ
ಸೊನ್ನೆ ಮಾತ್ರ ಮಾಡ್ಬೇಡ ಗುರು. ಸಮುದ್ರದ ಮೇಲಿಂದ ಸ್ಯಾಟಲೈಟ್‌ಗೆ ಬರೋ ಬೆಳಕಲ್ಲಿ ಸುಮಾರು 90 ಪರ್ಸೆಂಟ್ ವಾತಾವರಣದ್ದೇ, ನೀರಿಂದು ಚೂರು. ಒಂದು ಕ್ರೇಟ್ ಟೊಮ್ಯಾಟೊನ ಲಾರಿ ಸಮೇತ ವೇಬ್ರಿಡ್ಜ್ ಮೇಲೆ ನಿಲ್ಸಿ, ಲಾರಿ ತೂಕ ಕಳೆದು ಕ್ರೇಟ್ ಇಷ್ಟು ಅಂದಂಗೆ ಇದು, ಲಾರಿ ತೂಕ ಒಂಚೂರು ಜಾಸ್ತಿ ಹಿಡಿದ್ರೂ ಕ್ರೇಟ್ ಮೈನಸ್ ಕೆಜಿ. ನಿನ್ನ ಲೆಕ್ಕ ಜಾಸ್ತಿ ಆಗ್ತಿರೋದು ಆ 865ರಲ್ಲೇ. ನೀನು ಮಾಡ್ತಿರೋದು ಗಾರ್ಡನ್ ಮತ್ತೆ ವಾಂಗ್ ಅನ್ನೋ ವಿಜ್ಞಾನಿಗಳು 1994ರಲ್ಲಿ ಕೊಟ್ಟ ವಿಧಾನ, ಅದು ತಿಳಿ ಕಡಲಿಗೆ ಸರಿ, ಅಲ್ಲಿ ನೀರು ಎನ್‌ಐಆರ್ ಬೆಳಕನ್ನ ನುಂಗ್ಬಿಡುತ್ತೆ. ಅಳಿವೇಲಿ ಹೂಳಿದೆ, ಮಣ್ಣಿನ ಕಣಗಳು ಅದನ್ನ ವಾಪಸ್ ಎಸೀತವೆ, ಪ್ರೋಗ್ರಾಮ್ ಅದನ್ನೂ ಏರೋಸಾಲ್ ಖಾತೆಗೆ ಬರ್ಕೊಂಡು ನೀಲಿವರ್ಗೂ ಕಳೆಯುತ್ತೆ. 1600, 2200 ಆಸುಪಾಸಿನ ಸ್ವಿರ್ (ಎನ್‌ಐಆರ್‌ಗಿಂತ ಉದ್ದ ಅಲೆಯ ಇನ್‌ಫ್ರಾರೆಡ್) ಬ್ಯಾಂಡ್ ತಗೋ, ಅಲ್ಲಿ ಕೆಸರು ನೀರೂ ಕಪ್ಪೇ.

ಕೆರೆ_ಏರಿ, ಚಿಕ್ಕಬಳ್ಳಾಪುರ
ಇಷ್ಟೆಲ್ಲಾ ಯಾಕೆ, ಎನ್ವಿ ಸಾಫ್ಟ್‌ವೇರಲ್ಲಿ ಫ್ಲಾಶ್ ಅನ್ನೋ ಕರೆಕ್ಷನ್ ಟೂಲ್ ಒತ್ತಿದ್ರೆ ಮುಗೀತಲ್ಲ?

ಟೊಮ್ಯಾಟೊ_ಮಂಡಿ, ಕೋಲಾರ
ಅದು ನೆಲಕ್ಕೆ ಮಾಡಿರೋದು ಕಣಪ್ಪ, ಏರೋಸಾಲ್ ಸಾಮಾನ್ಯವಾಗಿ ಹುಡ್ಕೋದು ಗಿಡ ಇರೋ ಕಪ್ಪು ಪಿಕ್ಸೆಲ್‌ನಿಂದ. ನೀರಿನ ಮೇಲ್ಮೈಯಿಂದ ಚಿಮ್ಮೋ ಆಕಾಶದ ಬೆಳಕನ್ನ ಅದು ತೆಗೆಯಲ್ಲ.

ಬಯಲುಸೀಮೆ_ಪಿಕ್ಸೆಲ್, ತುಮಕೂರು
ಅಣ್ಣಾ ಸ್ವಿರ್ ಹಾಕ್ದೆ. ಮೈನಸ್ ಬಹುಪಾಲು ಹೋಯ್ತು, ಆದ್ರೆ ಇಮೇಜ್ ತುಂಬಾ ಕಾಳುಕಾಳು, ದಡದ ಹತ್ರ ಎನ್‌ಐಆರ್ ಮಾತ್ರ ಇನ್ನೂ ಎದ್ದಿದೆ.

ಹೈಪರ್_ಅಕ್ಕ, ತುಮಕೂರು
ಕಾಳುಕಾಳು ಬರೋದು ಸೆನ್ಸರ್ ನಾಯ್ಸ್‌ನಿಂದ. ಸ್ವಿರ್‌ನಲ್ಲಿ ಸಿಗ್ನಲ್ಲೇ ಕಮ್ಮಿ, ಅಲ್ಲಿನ ಸಣ್ಣ ಏರುಪೇರು ನೀಲಿಗೆ ಬರೋ ಹೊತ್ತಿಗೆ ದೊಡ್ಡದಾಗುತ್ತೆ. ಏರೋಸಾಲ್ ಪಿಕ್ಸೆಲ್‌ಗೊಂದು ಥರ ಬದಲಾಗಲ್ಲ, ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿ ತಗೊಂಡು ಕಳಿ. ಅಕೋಲೈಟ್ ಅನ್ನೋ ಸಾಫ್ಟ್‌ವೇರ್ ಫ್ರೀ ಇದೆ, ಪ್ರಿಸ್ಮಾನೂ ಓದುತ್ತೆ, ಒಂದೇ ಬ್ಯಾಂಡ್‌ಗೆ ಜೋತು ಬೀಳದೆ ದೃಶ್ಯದಲ್ಲಿ ಅತಿ ಕಪ್ಪು ಎಲ್ಲಿದೆಯೋ ಅಲ್ಲಿಂದ ಏರೋಸಾಲ್ ಹಿಡಿಯುತ್ತೆ, ಅದನ್ನೂ ರನ್ ಮಾಡಿ ಎರಡೂ ಪಕ್ಕ ಇಟ್ಟು ನೋಡು.

ದಡದ ವಿಷ್ಯ ಬೇರೆ. ತೆಂಗಿನ ತೋಟದ ಬೆಳಕು ಗಾಳೀಲಿ ಚದುರಿ ನಿನ್ನ ನೀರಿನ ಪಿಕ್ಸೆಲ್ ಒಳಗೆ ಬರುತ್ತೆ, ಅಡ್ಜೆಸೆನ್ಸಿ ಅಂತಾರಲ್ಲ ಅದು. ಹೂಳೋ ತೋಟಾನೋ ಅಂತ ಕಂಡ್ಹಿಡಿಯೋಕೆ ಆಕಾರ ನೋಡು: ಹೂಳಾದ್ರೆ 740 ಹತ್ರ ತಗ್ಗು, 810 ಹತ್ರ ಚಿಕ್ಕ ಉಬ್ಬು. ಗಿಡದ ಬೆಳಕಾದ್ರೆ 700 ದಾಟ್ತಿದ್ದಂಗೆ ಮೇಲೆದ್ದು ಹಾಗೇ ಮಟ್ಟವಾಗಿ ಹೋಗುತ್ತೆ. ಎಂಟ್ಹತ್ತು ಬ್ಯಾಂಡ್ ಇರೋ ಸ್ಯಾಟಲೈಟ್‌ನಲ್ಲಿ ಇದು ಕಾಣ್ಸೋದೇ ಇಲ್ಲ, ಹೈಪರ್‌ಸ್ಪೆಕ್ಟ್ರಲ್ ತಗೊಂಡಿದ್ದಕ್ಕೆ ಲಾಭ ಇಲ್ಲೇ. 760ರಲ್ಲಿ ಗಾಳಿಯ ಆಮ್ಲಜನಕ ಬೆಳಕು ಹೀರುತ್ತೆ, ಆ ಬ್ಯಾಂಡ್ ಮಾತ್ರ ಬಿಟ್ಬಿಡು.

ಇಮೇಜ್ ಯಾವ ತಿಂಗ್ಳದ್ದು? ಬೇಸಿಗೇದಾದ್ರೆ ಅರಬ್ಬೀ ಸಮುದ್ರದ ಮೇಲೆ ಮರಳುಗಾಡಿನ ಧೂಳು ಬಂದಿರಬಹುದು, ಅದು ನೀಲಿ ಬೆಳಕನ್ನ ಹೀರುತ್ತೆ, ಸ್ವಿರ್‌ನಲ್ಲಿ ಆ ಹೀರಿಕೆ ಗೊತ್ತೇ ಆಗಲ್ಲ. ಉಳಿದಿರೋ ಮೈನಸ್ ಅದ್ರಿಂದಾನೂ ಇರಬಹುದು, ತಾರೀಖು ಹಾಕು ನೋಡೋಣ.