ಕರಿಕ್ಕಾಡಿ ಸಿಗಡಿ: ಮೈಕ್ರೋಸ್ಯಾಟಲೈಟ್ ಬ್ಯಾಂಡ್ ಅರ್ಧ ಮಾದರಿಗಳಲ್ಲಿ ಬರುತ್ತಲೇ ಇಲ್ಲ

ಉಪ್ಪಳದವಳು:
ತಲೆ ಕೆಟ್ಟುಹೋಗಿದೆ. ಮಂಜೇಶ್ವರದ ಕರಿಕ್ಕಾಡಿಯೂ ಕೊಲ್ಲಂನದ್ದೂ ಒಂದೇ ಬಳಗವಾ ಬೇರೆಯಾ ಅಂತ ನೋಡಬೇಕು. ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವುದು) ಮೈಕ್ರೋಸ್ಯಾಟಲೈಟ್, ಅಂದರೆ ಕೆಲವೇ ಅಕ್ಷರ ಮತ್ತೆ ಮತ್ತೆ ಬರುವ ಡಿಎನ್‌ಎ ಜಾಗ, ನೋಡುತ್ತಿದ್ದೇನೆ. ಅರ್ಧಕ್ಕರ್ಧ ಮಾದರಿಗೆ ಜೆಲ್‌ನಲ್ಲಿ ಬ್ಯಾಂಡೇ (ಗೆರೆಯೇ) ಇಲ್ಲ. ಬಂದವುಗಳಲ್ಲೂ ಬರೀ ಒಂದೊಂದು ಗೆರೆ, ಎರಡು ಅಲೀಲ್ (ತಂದೆಯಿಂದೊಂದು, ತಾಯಿಯಿಂದೊಂದು ಬರುವ ರೂಪ) ಕಾಣಿಸುವುದೇ ಅಪರೂಪ. ಪಿಸಿಆರ್ ಎನ್ಜೈಮ್ ಹೊಸದು. ಮಳೆಗಾಲದ ಟ್ರಾಲಿಂಗ್ ನಿಷೇಧ ಶುರುವಾದರೆ ಜುಲೈ 31ರ ತನಕ ಟ್ರಾಲ್ ಬೋಟಿನ ಮಾದರಿಯೂ ಸಿಗುವುದಿಲ್ಲ.

ಕುಂಬಳೆ ಕಡಲು:
ಅನೀಲಿಂಗ್ ತಾಪಮಾನ, ಅಂದರೆ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಅಂಟುವ ತಾಪಮಾನ, ಜಾಸ್ತಿ ಆಗಿದೆ. ಇಳಿಸಿ.

ಉಪ್ಪಳದವಳು:
ಇಳಿಸಿದೆ. ಬೇಡದ ಬ್ಯಾಂಡುಗಳೆಲ್ಲ ಬಂದವು.

ಕುಂಬಳೆ ಕಡಲು:
ಹಾಗಾದರೆ ಟಚ್‌ಡೌನ್ ಹಾಕಿ. 62 ಡಿಗ್ರಿಯಿಂದ ಶುರುಮಾಡಿ, ಸೈಕಲ್‌ಗೆ ಅರ್ಧ ಡಿಗ್ರಿ ಇಳಿಸುತ್ತಾ ಬನ್ನಿ. ನಮ್ಮಲ್ಲಿ ಗ್ರೇಡಿಯಂಟ್ ಯಂತ್ರ ಇದೆ, ಒಂದೇ ಸಲಕ್ಕೆ ಎಲ್ಲ ತಾಪಮಾನ ನೋಡಬಹುದು.

ಬೇಕಲದವ:
ತಾಪಮಾನ ಬಿಡಿ ಮಾರಾಯ್ರೇ, ಡಿಎನ್‌ಎ ಹೇಗಿದೆ ಕೇಳಿ. ಸಿಗಡಿ ಸತ್ತ ಕೂಡಲೇ ತಲೆಯೊಳಗಿನ ಎನ್ಜೈಮ್ ಮಾಂಸ, ಡಿಎನ್‌ಎ ಕೆಡಿಸಲು ಶುರುಮಾಡುತ್ತದೆ. ಬೋಟಿನಲ್ಲೇ ಬಾಲದ ಮಾಂಸ ಕತ್ತರಿಸಿ 95% ಎಥನಾಲ್‌ಗೆ ಹಾಕಿದ್ದೀರಾ? ಜೆಲ್‌ನಲ್ಲಿ ಡಿಎನ್‌ಎ ಮೇಲೆ ಗಟ್ಟಿ ಗೆರೆಯಾಗಿ ನಿಂತಿದೆಯಾ, ಕೆಳಗಿನವರೆಗೆ ಮಸುಕಾಗಿ ಹರಡಿದೆಯಾ? ಹರಡಿದ್ದರೆ ಕೆಟ್ಟಿದೆ ಅಂತ. ಮತ್ತೆ, ನಿಷೇಧದಲ್ಲೂ ಸಾಂಪ್ರದಾಯಿಕ ದೋಣಿಯವರು ಹೋಗುತ್ತಾರೆ. ಮಾದರಿ ಸಿಗುವುದಿಲ್ಲ ಅನ್ನಬೇಡಿ.

ಕುಂಬಳೆ ಕಡಲು:
ಮಾರ್ಕೆಟ್ ಸಿಗಡಿಯಿಂದಲೂ ನಮಗೆ ಚೆನ್ನಾಗಿಯೇ ಬಂದಿದೆ. ಇದು ತಾಪಮಾನದ್ದೇ.

ಬೇಕಲದವ:
ಐಸ್ ಕರಗಿದ ಪೆಟ್ಟಿಗೆಯ ಸಿಗಡಿ ತಂದು ನೋಡಿ, ಆಮೇಲೆ ಮಾತಾಡೋಣ.

ಶಿರಿಯದ ಅಕ್ಕ:
ಪ್ರೈಮರ್ ಯಾವ ಜಾತಿಯದು?

ಉಪ್ಪಳದವಳು:
ಟೈಗರ್ ಸಿಗಡಿಯದು. ಹತ್ತಿರದ್ದೇ ಅಲ್ವಾ?

ಶಿರಿಯದ ಅಕ್ಕ:
ಇಲ್ಲ ತಂಗಿ, ಕುಲವೇ ಬೇರೆ. ಪ್ರೈಮರ್ ಕೂರುವ ಜಾಗದ ಅಕ್ಷರ ಬದಲಾಗಿದ್ದರೆ ಆ ಅಲೀಲ್ ಕಾಣುವುದೇ ಇಲ್ಲ. ಎರಡೂ ಕಾಣದಿದ್ದರೆ ಬ್ಯಾಂಡ್ ಇಲ್ಲ, ಒಂದು ಕಾಣದಿದ್ದರೆ ಒಂದೇ ಗೆರೆ. ಇದೇ ನಲ್ ಅಲೀಲ್. ಮೊದಲು ಅದೇ ಡಿಎನ್‌ಎಗೆ ಸಿಓಐ (ಜಾತಿ ಗುರುತಿಸಲು ಬಳಸುವ ಜೀನ್) ಪ್ರೈಮರ್ ಹಾಕಿ. ಸುಮಾರು 700 ಬೇಸ್‌ನ ಬ್ಯಾಂಡ್ ಬಂದರೆ ಡಿಎನ್‌ಎ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು.

ಉಪ್ಪಳದವಳು:
ಸಿಓಐ ಎಲ್ಲದಕ್ಕೂ ಬಂತು!

ಶಿರಿಯದ ಅಕ್ಕ:
ಹಾಗಾದರೆ ಕರಿಕ್ಕಾಡಿಯದ್ದೇ ಜಿನೋಮ್ (ಒಟ್ಟು ಡಿಎನ್‌ಎ) ಸ್ವಲ್ಪ ಸೀಕ್ವೆನ್ಸ್ ಮಾಡಿಸಿ, ಅಂದರೆ ಅಕ್ಷರ ಓದಿಸಿ, ಅದರಿಂದ ಹೊಸ ಪ್ರೈಮರ್ ಮಾಡಿ. ಮಾರ್ಕರ್‌ಗೆ ಬರ ಇಲ್ಲ. 2019ರಲ್ಲಿ ಪ್ರಕಟವಾದ ವನ್ನಾಮಿ ಸಿಗಡಿಯ ಜಿನೋಮ್‌ನಲ್ಲಿ ಸುಮಾರು 24% ಇಂಥ ಪುನರಾವರ್ತನೆಗಳೇ. ಎರಡಕ್ಷರದವು ಬೇಡ, ನಾಲ್ಕಕ್ಷರದವನ್ನು ಆರಿಸಿ, ಸ್ಟಟರ್ (ನಕಲು ಜಾರಿ ಬರುವ ಸುಳ್ಳು ಗೆರೆ) ಕಡಿಮೆ. ಪ್ರೈಮರ್ ಪರೀಕ್ಷೆಗೆ ಎರಡೂ ಊರಿನ ಸಿಗಡಿ ಬೇಕು. ಮಂಜೇಶ್ವರದ್ದರಲ್ಲಿ ಮಾತ್ರ ನೋಡಿದರೆ ಕೊಲ್ಲಂನವಕ್ಕೆ ನಲ್ ಬಂದು, ಒಂದೇ ಬಳಗವಿದ್ದರೂ ಬೇರೆ ಅಂತ ತೋರಿಸಿಬಿಡುತ್ತದೆ.

ಕುಂಬಳೆ ಕಡಲು:
ಹೊಸ ಪ್ರೈಮರ್ ಬಂದಾಗ ಕಳಿಸಿ, ಗ್ರೇಡಿಯಂಟ್‌ನಲ್ಲಿ ನಾನೇ ನೋಡಿಕೊಡುತ್ತೇನೆ.

ಬೇಕಲದವ:
ಎಥನಾಲ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.